ಅನವಶ್ಯಕ ರಂಧ್ರಗಳು

ಸಭಾಭವನದ ವ್ಯವಸ್ಥಾಪಕನೆಂದರೆ ಬೀಗ ತೆಗೆಯುವವನು, ಕುರ್ಚಿ ಹಾಕಿಸುವವನು ಎಂದು ಜನ ತಿಳಿದಿದ್ದಾರೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರೂ ಹಾಗೆಯೇ ತಿಳಿದು ಬರುತ್ತಾರೆ. ಹೋದ ತಿಂಗಳು ಅಂಥವನೊಬ್ಬ ನಮ್ಮ ಮನೆಗೆ ಬಂದು ಕುಳಿತು, “ಸರ, ನಿಮ್ಮ ನೌಕರಿ ಆರಾಮದ್ದು ಬಿಡ್ರಿ, ಫಂಕ್ಷನ್ ನೋಡಕೋತ ಪಗಾರ” ಎಂದ. ಚಹಾ ಕೊಟ್ಟು ಕಳಿಸಿದೆ. ಅವನೆದುರು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಸಿಟ್ಟು ಕಂಡರೆ ಕಾಣಲಿ. ಅದರಲ್ಲಿ ಅರ್ಧ ನನ್ನ ಮೇಲಿನದೇ.

ನಾನು ಕೀಲಿ ಇಟ್ಟುಕೊಂಡಿದ್ದು ಒಂದೇ ಕಟ್ಟಡದ್ದು. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಬರುವ ಊರು. ಹೆಸರು ಹಾಕುವುದಿಲ್ಲ, ಹಾಕಿದರೆ ಸಂಬಂಧಪಟ್ಟವರಿಗಿಂತ ಮೊದಲು ಸಂಬಂಧವಿಲ್ಲದವರೇ ಜಗಳಕ್ಕೆ ಬರುತ್ತಾರೆ. ಆ ಕಟ್ಟಡ ಮೊದಲು ಕ್ಯಾಥೋಲಿಕರ ಚರ್ಚು. ಊರಲ್ಲಿ ಹತ್ತಿ ಜಿನ್ನಿಂಗ್ ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಯಂತ್ರ ನೋಡಿಕೊಳ್ಳಲು ಗೋವೆಯ ಕಡೆಯಿಂದ ಫಿಟರುಗಳು ಬಂದರು, ಅವರಿಗಾಗಿ ಚರ್ಚು ಎದ್ದಿತು. ಗಿರಣಿ ನಿಂತಿತು. ಒಂದೊಂದೇ ಮನೆ ಹುಬ್ಬಳ್ಳಿಗೆ, ಬೆಳಗಾವಿಗೆ, ವಾಸ್ಕೋಗೆ ಹೋಯಿತು. ಕೊನೆಗೆ ರವಿವಾರದ ಪ್ರಾರ್ಥನೆಗೆ ನಾಲ್ಕು ಜನ ಉಳಿದರು. ತೊಂಬತ್ತರ ದಶಕದ ಮೊದಲಲ್ಲಿ ಅವರ ಹಿರಿಯರೇ ಶಾಸ್ತ್ರಬದ್ಧವಾಗಿ ಪೀಠ ತೆಗೆದು, ಶಿಲುಬೆ ಇಳಿಸಿ, ಕಟ್ಟಡವನ್ನು ಊರಿಗೆ ಬಿಟ್ಟುಕೊಟ್ಟರು. ಸಮಿತಿಯೊಂದು ಆಯಿತು, ‘ಸಾಂಸ್ಕೃತಿಕ ಭವನ’ ಎಂಬ ಫಲಕ ಬಂತು, ನಾನು ಬಂದೆ.

ಕೀಲಿಗೊಂಚಲು ಕೊಡುವಾಗ ಚರ್ಚಿನ ಕೊನೆಯ ಮುದಿ ಪಾದ್ರಿಗಳು ನನಗೊಂದು ಮಾತು ಹೇಳಿದರು. “ಈ ಕಟ್ಟಡಕ್ಕ ಕಿವಿ ಅದಾವ. ಇಲ್ಲಿ ಯಾರೂ ಒದರೂದು ಬ್ಯಾಡ.” ದೇವರ ಮನೆಯ ವಿಷಯ, ಭಕ್ತಿಯಿಂದ ಹೇಳುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿದೆ. ಅವರು ಹೇಳಿದ್ದು ಭಕ್ತಿಯ ಮಾತಲ್ಲ, ಕಟ್ಟಡದ ಮಾಹಿತಿ. ಹಸ್ತಾಂತರದ ಪಟ್ಟಿಯಲ್ಲಿ ಬಾಗಿಲು, ಕಿಟಕಿ, ಬೆಂಚುಗಳ ಜತೆ ಅದನ್ನೂ ಬರೆದುಕೊಳ್ಳಬೇಕಿತ್ತು.

ನಾನು ಬೆಳೆದದ್ದು ಮಠದ ಪ್ರಸಾದ ನಿಲಯದಲ್ಲಿ. ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನ, ಆರಕ್ಕೆ ಪ್ರಾರ್ಥನೆ. ಊಟದ ತಾಟನ್ನು ತೊಳೆದು ಬೋರಲು ಹಾಕಬೇಕು. ಅಂಗಾತ ಇಟ್ಟವನಿಗೆ ಮರುದಿನ ನಾಷ್ಟಾ ಇಲ್ಲ. ಆ ಶಿಸ್ತನ್ನೇ ಭವನಕ್ಕೂ ತಂದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು, ಎಂಟೂವರೆಯೊಳಗೆ ಕಸ, ಒಂಬತ್ತಕ್ಕೆ ಕುರ್ಚಿಗಳ ಸಾಲು ದಾರ ಹಿಡಿದಂತೆ. ಶಿಸ್ತು ಒಳ್ಳೆಯದು. ಆದರೆ ಶಿಸ್ತಿನವನಿಗೆ ತನಗೆ ಅರ್ಥವಾಗದ್ದೆಲ್ಲ ಕಸದಂತೆ ಕಾಣುತ್ತದೆ. ಇದನ್ನು ಕಲಿಯಲು ನನಗೆ ಒಂದು ಭವನವೇ ಬೇಕಾಯಿತು.

ಕಸ ಹೊಡೆಯುವವನು ಅಂತಪ್ಪ. ನಿಜವಾದ ಹೆಸರು ಆಂಟನಿ. ಊರು ಅವನನ್ನು ಅಂತಪ್ಪ ಮಾಡಿ ಎಷ್ಟೋ ವರ್ಷವಾಗಿತ್ತು. ಗಿರಣಿಯ ಫಿಟರನ ಮೊಮ್ಮಗ, ಹಳೆಯ ನಾಲ್ಕು ಜನರಲ್ಲಿ ಒಬ್ಬ. ಕಟ್ಟಡದ ಜತೆ ಅವನೂ ಬಂದಿದ್ದ. ಕೆಲಸಗಾರ ಒಳ್ಳೆಯವನು, ಆದರೆ ಅವನ ಕಸ ಎಂಟೂವರೆಗೆ ಮುಗಿಯುತ್ತಿರಲಿಲ್ಲ. ಎರಡೂ ಪಕ್ಕದ ಗೋಡೆಗಳ ಗುಂಟ ಹೋಗುತ್ತ ಅಲ್ಲಲ್ಲಿ ಬರಿಗೋಡೆಯ ಮುಂದೆ ನಿಂತುಬಿಡುತ್ತಿದ್ದ. ಒಮ್ಮೆ ಎಣಿಸಿದೆ. ಎಡಕ್ಕೆ ಏಳು, ಬಲಕ್ಕೆ ಏಳು.

“ಅಂತಪ್ಪಾ, ಹದಿನಾಲ್ಕು ಕಡೆ ನಿಂತರ ಕಸ ಯಾವಾಗ ಮುಗೀತೈತೋ?”

“ಮುಗೀತೈತ್ರಿ ಸಾಹೇಬ್ರ. ಕಸಕ್ಕೇನ ಅವಸರ ಇಲ್ರಿ, ನಿಮಗ ಅಷ್ಟ.”

ಅಲ್ಲಿ ಮೊದಲು ಯೇಸುವಿನ ಕೊನೆಯ ದಾರಿಯ ಹದಿನಾಲ್ಕು ಚಿತ್ರಗಳು ತೂಗುತ್ತಿದ್ದವಂತೆ. ಚಿತ್ರ ಹೋಗಿದ್ದವು, ಮೊಳೆ ಉಳಿದಿದ್ದವು. ಅವನು ಮೊಳೆಗಳ ಮುಂದೆ ನಿಲ್ಲುತ್ತಿದ್ದ. ಪ್ರತಿ ಮೊಳೆಯ ಮೇಲೆ ಎರಡಾಳೆತ್ತರದಲ್ಲಿ, ಗೋಡೆಯಲ್ಲಿ ಅಂಗೈಯಗಲದ ಒಂದು ದುಂಡು ತೂತು ಇತ್ತು. ಅವೂ ಹದಿನಾಲ್ಕು. ಒಳಗೆ ಕತ್ತಲು, ಗುಬ್ಬಿಗಳ ಸಂಸಾರ.

ಭವನದ ಉದ್ಘಾಟನೆಗೆ ಮನೋಳಿಯ ಗಂಗವ್ವ ಹಾಡಿದಳು. ಸಣ್ಣಾಟದ ಕಲಾವಿದೆ. ಸಣ್ಣಾಟವೆಂದರೆ ನಮ್ಮ ಕಡೆಯ ಹಾಡು-ಮಾತಿನ ಬಯಲಾಟ. ಹರೆಯದಿಂದಲೂ ಹೊಲ, ಅಂಗಳ, ಅಗಸಿಬಾಗಿಲುಗಳಲ್ಲಿ ಮೈಕಿಲ್ಲದೆ ಕೊನೆಯ ಗಾಡಿಯ ಮೇಲೆ ಕುಳಿತವನಿಗೂ ಕೇಳುವಂತೆ ಹಾಡಿ ಹಾಡಿ, ಐವತ್ತಕ್ಕೆ ಬರುವ ಹೊತ್ತಿಗೆ ಗಂಟಲು ಹರಿದುಕೊಂಡಿದ್ದಳು. ಡಾಕ್ಟರು ಇನ್ನು ಎತ್ತರದಲ್ಲಿ ಹಾಡಿದರೆ ಮಾತೂ ಹೋಗುತ್ತದೆ ಎಂದಿದ್ದರು. ಮೈಕೆಂದರೆ ಅವಳಿಗೆ ಆಗದು. “ಮೈಕಿನಾಗ ನನ್ನ ದನಿ ಹರಕ ಗೋಣಿತಟ್ಟು ಎಳದಂಗ ಕೇಳತೈತ್ರಿ” ಎನ್ನುತ್ತಿದ್ದಳು. ಆ ದಿನ ಬರಿಯ ಮಾತಿನ ಎತ್ತರದಲ್ಲಿ ಹಾಡಿದಳಂತೆ, ಬಾಗಿಲ ಬಳಿ ನಿಂತವರ ಕಣ್ಣು ಒದ್ದೆಯಾದವಂತೆ. ‘ಅಂತೆ’ ಎಂದು ಬರೆಯುತ್ತಿದ್ದೇನೆ, ಏಕೆಂದರೆ ನಾನು ಆಗ ಹೊರಗೆ ಚಪ್ಪಲಿಗಳನ್ನು ಜೋಡಿಸುತ್ತಿದ್ದೆ.

ಮುಗಿದ ಮೇಲೆ ಅವಳೇ ನನ್ನ ಹತ್ತಿರ ಬಂದಳು. “ಮ್ಯಾನೇಜರ್ರ, ಗುರುವಾರಕ್ಕೊಮ್ಮೆ ಇದರ ಬಾಗಲಾ ತಗದ ಕೊಡ್ರಿ. ಆರು ಹುಡುಗ್ಯಾರು ಕಲ್ಯಾಕ ಬರತಾರ. ನನ್ನ ದನಿ ಉಳದದ್ದು ಇಲ್ಲೆ ಅಷ್ಟ ಕೇಳತೈತಿ. ಇಲ್ಲೇ ಅವರಿಗೆ ದಾಟಸ್ತೇನಿ.” ನಿಯಮ ನೋಡಿದೆ, ಅಡ್ಡಿ ಇರಲಿಲ್ಲ. ಒಪ್ಪಿದೆ.

ಒಂದು ತಿಂಗಳ ನಂತರ ಒಂದು ಸತ್ಕಾರ ಸಮಾರಂಭ ನಡೆಯಿತು. ಮುಖ್ಯ ಅತಿಥಿಗಳು ಜರಿಯಂಚಿನ ರುಮಾಲು ಸುತ್ತಿಕೊಂಡು ಬಂದಿದ್ದರು. ಸಂಸ್ಕೃತಿಯ ಉಳಿವಿನ ಬಗ್ಗೆ ಮಾತನಾಡುತ್ತಿರುವಾಗ ಅವರ ರುಮಾಲಿನ ಮೇಲೆ ಮೊದಲು ಒಂದು ಹುಲ್ಲುಕಡ್ಡಿ, ಹಿಂದೆಯೇ ಹಿಕ್ಕೆ ಬಿತ್ತು. ಸಭೆ ಕಿಸಕ್ಕನೆ ನಕ್ಕಿತು. ಅಧ್ಯಕ್ಷರು ನನ್ನತ್ತ ನೋಡಿದ ನೋಟ ಈಗಲೂ ನೆನಪಿದೆ. ಮರುದಿನ ಬೆಳಿಗ್ಗೆ ನಾನು ಟಿಪ್ಪಣಿ ಬರೆದೆ. ಪದಶಃ ಇಲ್ಲಿ ಕೊಡುತ್ತೇನೆ:

‘ಸಭಾಂಗಣದ ಗೋಡೆಗಳಲ್ಲಿರುವ ಅನವಶ್ಯಕ ರಂಧ್ರಗಳು ಪಕ್ಷಿಗಳ ಗೂಡಿಗೆ ಆಸ್ಪದ ನೀಡುತ್ತಿರುವುದರಿಂದ, ಸ್ವಚ್ಛತೆಯ ದೃಷ್ಟಿಯಿಂದ ಅವುಗಳನ್ನು ಶಾಶ್ವತವಾಗಿ ಮುಚ್ಚಿಸಲು ಅನುಮತಿ ಕೋರಿದೆ.’

ಅಚ್ಚುಕಟ್ಟಾದ ವಾಕ್ಯ. ಎರಡೇ ದಿನದಲ್ಲಿ ಮಂಜೂರಾಗಿ ಬಂತು. ಮುಂದೆ ಪಾಯಖಾನೆಗೆ ನೀರು ಕೇಳಿದ ಟಿಪ್ಪಣಿಗೆ ನಾಲ್ಕು ವರ್ಷ ಹಿಡಿಯಿತು. ಇದಕ್ಕೆ ಎರಡು ದಿನ. ಕೆಟ್ಟ ಕೆಲಸಕ್ಕೆ ಕಚೇರಿಯಲ್ಲಿ ಯಾವಾಗಲೂ ಇಳಿಜಾರಿರುತ್ತದೆ.

ಹುಸೇನಸಾಬ ಎಂಬ ಗೌಂಡಿ ಸಿಮೆಂಟು ಕಲಸಿಕೊಂಡು ಬಂದ. ಅಂತಪ್ಪ ನಿಚ್ಚಣಿಕೆಯ ಬುಡದಲ್ಲಿ ಬಂದು ನಿಂತ.

“ಸಾಹೇಬ್ರ, ಅವು ತೂತ ಅಲ್ರಿ.”

“ತೂತಲ್ಲದ ಮತ್ತೇನೋ?”

“ಗಡಿಗಿ ಅದಾವ್ರಿ. ಗ್ವಾಡ್ಯಾಗ ಗಡಿಗಿ ಕೂಡಿಸ್ಯಾರ, ಬಾಯಿ ಅಷ್ಟ ಹೊರಗ.”

“ಗಡಿಗಿ ಅಡಗಿ ಮನ್ಯಾಗ ಇರಬೇಕು. ಸರಿ ಆ ಕಡೆ.”

ಅವನು ಸರಿದ. ಯಾಕೆ ಎಂದು ನಾನು ಕೇಳಲಿಲ್ಲ. ‘ಯಾಕೆ’ ಎನ್ನಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ನನ್ನ ವೇಳಾಪಟ್ಟಿಯಲ್ಲಿ ಇರಲಿಲ್ಲ. ಸಂಜೆಗೆ ಹದಿನಾಲ್ಕೂ ಮುಚ್ಚಿ, ಸುಣ್ಣ ಬಳಿದು, ಗೋಡೆ ಹಾಲಿನಂತೆ ಆಯಿತು. ನಾನು ಕೈಕಟ್ಟಿ ನಿಂತು ಸಂತೋಷಪಟ್ಟೆ.

ತೂತು ಮುಚ್ಚುವ ಹೊತ್ತಿಗೇ ಮಳೆ ಹಿಡಿದು ಗುರುವಾರದ ಪಾಠ ನಿಂತಿತ್ತು. ಮಳೆಗಾಲ ಮುಗಿದ ಮೇಲೆ ಗಂಗವ್ವನ ಮೇಳದ ಸಣ್ಣಾಟ ಇತ್ತು. ಕುರ್ಚಿ ಸಾಲದೆ ಜನ ಜಮಖಾನೆಯ ಮೇಲೆ ಕುಳಿತಿದ್ದರು. ಮೊದಲ ಹಾಡಿಗೇ ಹಿಂದಿನಿಂದ ಕೂಗು ಬಂತು. “ಏ, ಕೇಳಸವಲ್ದು!” ಕೇಳುತ್ತಿತ್ತು, ಆದರೆ ತಿಳಿಯುತ್ತಿರಲಿಲ್ಲ. ಒಂದು ಮಾತು ಮುಗಿಯುವುದರೊಳಗೆ ಅದರ ಬಾಲ ಮೇಲಿನ ಗಚ್ಚಿನ ಕಮಾನಿಗೆ ಹೋಗಿ, ಸುತ್ತಿ, ಮುಂದಿನ ಮಾತಿನ ತಲೆಯ ಮೇಲೆ ಬೀಳುತ್ತಿತ್ತು. “ಬಾವ್ಯಾಗ ಕುಂತ ಹಾಡಾಕ ಹತ್ತ್ಯಾಳೇನ ಗಂಗವ್ವ?” ಎಂದ ಒಬ್ಬ. “ಬಾವಿ ಅಲ್ಲೋ, ಜ್ವಾಳದ ಹಗೇವ್ಯಾಗ!” ಎಂದ ಇನ್ನೊಬ್ಬ. ನಗೆ ಎದ್ದಿತು. ನಾನು ಓಡಿಹೋಗಿ ಪಕ್ಕದ ಮೈಕಿನ ಅಂಗಡಿಯಿಂದ ಕರ್ಣಗಳನ್ನು, ಎಂದರೆ ತುತ್ತೂರಿಯಂಥ ಧ್ವನಿವರ್ಧಕಗಳನ್ನು, ತರಿಸಿ ಹಚ್ಚಿದೆ. ಇನ್ನೂ ಕೆಟ್ಟಿತು. ಮಾತು ಮಾತಿಗೆ ಡಿಕ್ಕಿ ಹೊಡೆದು ಇಡೀ ಭವನ ಗೋಂಯ್ ಎನ್ನತೊಡಗಿತು.

ಅವಳು ಹಟದ ಹೆಂಗಸು. ಡಾಕ್ಟರು ಬೇಡವೆಂದದ್ದನ್ನೇ ಮಾಡಿದಳು. ಎತ್ತರಿಸಿದಳು. ಹಾಡಿನ ಎರಡನೆಯ ಸಾಲಿನ ನಡುವೆ ದನಿ ಒಡೆದು ಬರಿಯ ಗಾಳಿ ಬಂತು. ಅವಳು ಬಾಯಿ ತೆರೆದು ನಿಂತಿದ್ದಳು, ಏನೂ ಬರಲಿಲ್ಲ. ಪರದೆ ಎಳೆದರು.

ಒಳಗೆ ಹೋದೆ. ಪೆಟ್ಟಿಗೆಯ ಮೇಲೆ ಕುಳಿತು ಬಿಸಿನೀರು ಕುಡಿಯುತ್ತಿದ್ದಳು. ಪಿಸುಮಾತಿನಲ್ಲಿ ಒಂದೇ ಮಾತು ಕೇಳಿದಳು. “ಮ್ಯಾನೇಜರ್ರ, ಇದಕ್ಕ ಏನ ಮಾಡೀರಿ?”

ನಾನು ಏನೂ ಮಾಡಿಲ್ಲ, ಸ್ವಚ್ಛ ಮಾಡಿಸಿದ್ದೇನೆ ಎಂದೆ. ಹಾಗೆ ಹೇಳುವಾಗಲೇ ಅಂತಪ್ಪ ಬಾಗಿಲಲ್ಲಿ ನಿಂತದ್ದು ಕಂಡಿತು. ಅವನು ನನ್ನನ್ನು ನೋಡಲಿಲ್ಲ, ಗೋಡೆ ನೋಡುತ್ತಿದ್ದ.

ಮರುದಿನ ನಾನೇ ಅವನನ್ನು ಕರೆದು ಕೂಡಿಸಿ, ಬಾಕಿ ಉಳಿದಿದ್ದ ಆ ‘ಯಾಕೆ’ಯನ್ನು ಕೇಳಿದೆ. ಅವನು ಹೇಳಿದ್ದು ಇಷ್ಟೇ. ಚರ್ಚು ಕಟ್ಟಿದಾಗ ಕಮಾನಿನ ಕೆಳಗೆ ಪಾದ್ರಿಗಳ ಮಾತು ಕಲಸಿಹೋಗುತ್ತಿತ್ತಂತೆ. ಆಗ ಯಾರೋ ಬಲ್ಲವರು ಹೇಳಿದ್ದಕ್ಕೆ ಇಲ್ಲಿಯ ಕುಂಬಾರರಿಂದಲೇ ಹದಿನಾಲ್ಕು ಗಡಿಗೆ ಮಾಡಿಸಿ, ಗೋಡೆ ಒಡೆದು ಕೂಡಿಸಿದರು. ಅಂತಪ್ಪನ ಅಜ್ಜ ಕೈಯಾರೆ ಸುಣ್ಣ ಕಲಸಿದ್ದ. “ಗಡಿಗಿ ಉಳದ ಸದ್ದು ತಿಂತಾವ್ರಿ, ಮಾತ ಬಿಡತಾವ. ನಮ್ಮಜ್ಜ ಹಂಗ ಅಂತಿದ್ದ.”

“ಮೊದಲ ಯಾಕ ಹೇಳಲಿಲ್ಲೋ?”

“ಹೇಳಿನಲ್ರಿ. ಅಡಗಿ ಮನ್ಯಾಗ ಇರಬೇಕು ಅಂದ್ರಿ.”

ಬಂದ ರವಿವಾರ ನಾನು, ಅಂತಪ್ಪ, ಹುಸೇನಸಾಬ ಮೂವರೇ ಒಳಗಿನಿಂದ ಚಿಲಕ ಹಾಕಿಕೊಂಡೆವು. ಸುಣ್ಣ ಬಳಿದದ್ದರಿಂದ ತೂತಿನ ಗುರುತೇ ಇರಲಿಲ್ಲ. ಮೊಳೆಗಳಿದ್ದವು. ಒಂದೊಂದು ಮೊಳೆಯಿಂದ ನೇರ ಮೇಲಕ್ಕೆ ದಾರ ಹಿಡಿದು ಅಂತಪ್ಪ ತೋರಿಸಿದ. ಹುಸೇನಸಾಬ ಉಳಿಗೆ ಅರಿವೆ ಸುತ್ತಿಕೊಂಡು ಹಲ್ಲು ಕೀಳುವವನಂತೆ ಸಿಮೆಂಟು ಬಿಡಿಸಿದ. ಆದರೂ ಎರಡು ಗಡಿಗೆ ಒಡೆದವು. ಅವಕ್ಕೆ ಬದಲಿ ತರಲು ಅಂತಪ್ಪನೊಂದಿಗೆ ಸಂತೆಗೆ ಹೋದೆ. ಅವನು ಕುಂಬಾರನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದು ಗಡಿಗೆಯ ಬಾಯಿಗೆ ಬಾಯಿಟ್ಟು ‘ಹೂಂ’ ಎನ್ನುತ್ತಿದ್ದ, ಕೇಳುತ್ತಿದ್ದ, ಪಕ್ಕಕ್ಕಿಡುತ್ತಿದ್ದ.

ಕುಂಬಾರ ರೇಗಿದ. “ಏ ಅಂತಪ್ಪಾ, ಗಡಿಗಿ ತಗೋತೀಯೋ, ಅದರ ಜೋಡಿ ಮಾತಾಡತೀಯೋ?”

“ಮಾತಾಡದ ಗಡಿಗಿ ನಮಗ ಬ್ಯಾಡೋ ಮಾರಾಯಾ.”

ಇನ್ನು ಗುಬ್ಬಿ. ಹುಸೇನಸಾಬ ಉಸುಕು ಸೋಸುವ ಜಾಳಿಗೆಯ ತುಂಡು ಕತ್ತರಿಸಿ ಪ್ರತಿ ಬಾಯಿಗೂ ಕೂಡಿಸಿದ. ಗುಬ್ಬಿ ಬರುವಂತಿಲ್ಲ, ಸದ್ದಿಗೆ ಅಡ್ಡಿಯಿಲ್ಲ. ಕಾಲು ದಿನದ ಕೆಲಸ. ಮೊದಲೇ ಗೌಂಡಿಯನ್ನು ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದ. ನಾನು ಅಧ್ಯಕ್ಷರ ಮುಖ ನೋಡಿ ಟಿಪ್ಪಣಿ ಬರೆದೆನೇ ಹೊರತು ಗೌಂಡಿಯ ಮುಖ ನೋಡಲಿಲ್ಲ.

ಇಲ್ಲಿಗೆ ನನ್ನ ತಪ್ಪು ಮುಗಿದಿದ್ದರೆ ಈ ಬರಹವೇ ಬೇಕಿರಲಿಲ್ಲ. ದೊಡ್ಡ ತಪ್ಪು ಮುಂದಿನದು. ಮುಚ್ಚಿಸಲು ಟಿಪ್ಪಣಿ ಬರೆದಿದ್ದ ನಾನು, ತೆರೆಸಿದ್ದಕ್ಕೆ ಟಿಪ್ಪಣಿ ಬರೆಯಲಿಲ್ಲ. ಬರೆದರೆ ‘ನನ್ನ ತಿಳಿವಳಿಕೆ ತಪ್ಪಾಗಿತ್ತು’ ಎಂದು ಬರೆಯಬೇಕಿತ್ತು. ಪ್ರತಿ ಸೂಜಿ ದಾರಕ್ಕೂ ಕಾಗದ ಇಡುತ್ತಿದ್ದ ಮನುಷ್ಯ ಇದೊಂದನ್ನು ಬಾಯಿಮಾತಿನಲ್ಲಿ ಮುಗಿಸಿದೆ. ಕಡತದಲ್ಲಿ ಆ ರಂಧ್ರಗಳು ಅನವಶ್ಯಕವಾಗಿಯೇ, ಮುಚ್ಚಿಕೊಂಡೇ ಉಳಿದವು.

ಆಮೇಲೆ ಹತ್ತು ಹನ್ನೆರಡು ವರ್ಷ ಆ ಭವನ ಕಂಡ ದಿನಗಳನ್ನು ನೆನೆದರೆ ಸಿಟ್ಟು ತುಸು ಇಳಿಯುತ್ತದೆ. ಗಂಗವ್ವನಿಗೆ ಮನೋಳಿಗೆ ಹೋಗಿ ನಾನೇ ಹೇಳಿಬಂದೆ. ಬಂದಳು, ನಡುವೆ ನಿಂತು ಒಮ್ಮೆ ಕೆಮ್ಮಿದಳು, ಕೇಳಿಸಿಕೊಂಡಳು. “ಬಂತ್ರಿ ಜೀವಾ” ಎಂದಳು. ಗುರುವಾರಗಳು ಮತ್ತೆ ಶುರುವಾದವು. ಅವಳದು ಕಲಿಸುವ ಒಂದು ಕ್ರಮವಿತ್ತು. ಹುಡುಗಿಯೊಬ್ಬಳನ್ನು ವೇದಿಕೆಯಲ್ಲಿ ನಿಲ್ಲಿಸಿ, ತಾನು ಬಾಗಿಲ ಬಳಿ ಕುಳಿತು, “ನನಗಷ್ಟ ಹೇಳಿದಂಗ ಹೇಳ. ಊರಿಗೆ ಹೇಳಬ್ಯಾಡ” ಎನ್ನುತ್ತಿದ್ದಳು. ಒದರಿದವಳಿಗೆ ಬೈಗುಳ. “ಯಾಕ, ಎಮ್ಮಿ ಕಳದೈತೇನ ನಿಂದು?”

ರಾಮದುರ್ಗದ ನೇಕಾರರ ಭಜನಾ ಮೇಳದವರು ಮೈಕಿನ ಪೆಟ್ಟಿಗೆ ಹೊತ್ತು ತಂದು, ತಾಳ ಒಮ್ಮೆ ತಟ್ಟಿ ನೋಡಿ, ಪೆಟ್ಟಿಗೆ ಬಿಚ್ಚದೆಯೇ ಹಾಡಿ ಹೋದರು. ಕಿತ್ತೂರಿನ ಒಂದು ತಂಡ ತಮ್ಮ ಊರ ಇತಿಹಾಸದ ನಾಟಕ ತಂದಿತು. ಅದರ ಮಾಲಕರು ಜೀವಂತ ಕುದುರೆಯನ್ನು ನಡುದಾರಿಯಲ್ಲಿ ನಡೆಸಿಕೊಂಡು ಬರುತ್ತೇವೆ ಎಂದರು. ಪ್ರಾಣಿಗೆ ಪ್ರವೇಶವಿಲ್ಲ ಎಂದೆ.

“ಸಾಹೇಬ್ರ, ಕುದರಿ ಇಲ್ಲದ ಕಿತ್ತೂರ ನಾಟಕ ಅಂದ್ರ ಉಪ್ಪಿಲ್ಲದ ಪಲ್ಯಾ ರೀ!”

“ಉಪ್ಪ ಹೊರಗ ಇಡ್ರಿ. ರುಚಿ ಒಳಗ ಬರತೈತಿ.”

ಕುದುರೆಯನ್ನು ಪಕ್ಕದ ಬಾಗಿಲ ಹೊರಗೆ ನಿಲ್ಲಿಸಿದರು. ಯುದ್ಧದ ದೃಶ್ಯದಲ್ಲಿ ಅದು ಒಮ್ಮೆ ಕೆನೆಯಿತು ನೋಡಿ, ಕೊನೆಯ ಸಾಲಿನ ಹೆಂಗಸರು ಕಾಲು ಮೇಲೆಳೆದುಕೊಂಡರು. ಮಾಲಕರು ಮುಂದೆ ಪ್ರತಿ ಊರಲ್ಲೂ ಕುದುರೆಯನ್ನು ಹೊರಗೇ ನಿಲ್ಲಿಸಿದರಂತೆ, ಎಲ್ಲಿಯೂ ಹಾಗಾಗಲಿಲ್ಲವಂತೆ.

ಕೆಲಸದ ರೀತಿ ಬದಲಾಗುತ್ತ ಬಂತು. ಪೆಟ್ಟಿಗೆಯ ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂತು. ಕಾರ್ಯಕ್ರಮಕ್ಕೆ ಮೊದಲು ತಂಡದವರು ಬಂದು ನಿಂತು ಮಾತಾಡಿ ನೋಡುವ ರೂಢಿ ಹೋಯಿತು, ಸಿ.ಡಿ. ಹಾಕಿ, ಸೌಂಡ್ ಬಾಕ್ಸಿನವನು ಬೆರಳೆತ್ತಿದರೆ ತಯಾರಿ ಮುಗಿಯಿತು. ಜನ ಕೇಳುವುದನ್ನು ಬಿಟ್ಟರು ಎನ್ನುವುದಿಲ್ಲ. ಕೇಳಿಸಲು ಪ್ರಯತ್ನಪಡುವುದನ್ನು ಬಿಟ್ಟರು.

ಹೊಸ ಶತಮಾನದ ನಾಲ್ಕೈದು ವರ್ಷ ಕಳೆದ ಮೇಲೆ ಸಮಿತಿ ಹೋಗಿ ಆಡಳಿತಾಧಿಕಾರಿ ಬಂದರು. ನಮ್ಮ ಧಾರವಾಡದ ಕಡೆಯವರೇ. ಚುರುಕು, ಕೈಬಾಯಿ ಶುದ್ಧ, ಒಂಬತ್ತೂವರೆ ಎಂದರೆ ಒಂಬತ್ತೂವರೆಗೆ ಹಾಜರು. ಅವರನ್ನು ಕಂಡು ಮೊದಲು ನನಗೆ ಸಂತೋಷವೇ ಆಯಿತು, ನನ್ನಂಥವರೇ ಎಂದು. ಆ ಎಣಿಕೆ ಸರಿಯಿತ್ತು, ಸಂತೋಷವೇ ತಪ್ಪಾಗಿತ್ತು. ಭವನದ ನವೀಕರಣ ಹಮ್ಮಿಕೊಂಡರು. ಮೇಲೆ ಫಾಲ್ಸ್ ಸೀಲಿಂಗ್, ಗೋಡೆಗೆ ಆಳೆತ್ತರದಿಂದ ಮೇಲಿನವರೆಗೆ ಪ್ಲೈವುಡ್, ನಾಲ್ಕೂ ಮೂಲೆಗೆ ಸೌಂಡ್ ಬಾಕ್ಸ್. ಗೋಡೆ ನೋಡಲು ಬಂದವರು ಮೇಲೆ ಕೈ ತೋರಿಸಿದರು.

“ಏನ್ರಿ ಇವು ತೂತು?”

“ಸರ, ಅವು ತೂತಲ್ಲ, ಗಡಿಗಿ.”

ಅದು ಅಂತಪ್ಪನ ಮಾತು, ಈಗ ನನ್ನ ಬಾಯಲ್ಲಿತ್ತು. ನಿಚ್ಚಣಿಕೆಯ ಬುಡದಲ್ಲಿ ಈಗ ನಾನಿದ್ದೆ.

ಎಲ್ಲ ವಿವರಿಸಿದೆ. ಅವರು ಅಡ್ಡ ಮಾತಾಡದೆ ಪೂರ್ತಿ ಕೇಳಿದರು, ಆಮೇಲೆ ಹಳೆಯ ಕಡತ ತರಿಸಿದರು. ಗುಮಾಸ್ತ ಪುಟ ತೆರೆದಿಟ್ಟ. ಅವರು ಗಟ್ಟಿಯಾಗಿ ಓದಿದರು: ‘ಸಭಾಂಗಣದ ಗೋಡೆಗಳಲ್ಲಿರುವ ಅನವಶ್ಯಕ ರಂಧ್ರಗಳು...’

“ಈ ಸಹಿ ಯಾರದು?”

“ನಂದರೀ.”

“ಮುಚ್ಚಿಸಿದವರು?”

“ನಾನರೀ.”

“ಹಂಗಾದ್ರ ಈಗ ಹ್ಯಾಂಗ ತೆರದಾವ?”

“ನಾನ ತೆರಸೇನ್ರಿ.”

“ಯಾವ ಆದೇಶದ ಮ್ಯಾಲೆ?”

ಅವರು ಕನ್ನಡಕ ತೆಗೆದರು. “ನಿಮ್ಮ ಮ್ಯಾಲ ಕ್ರಮ ತಗೋಳೂದಿಲ್ಲ, ನಿವೃತ್ತಿಗೆ ಬಂದೀರಿ. ಆದ್ರ ನಿಮ್ಮ ವಾಕ್ಯ ಛಲೋ ಐತಿ. ಇದನ್ನ ಹಂಗ ಎತ್ತಿ ಎಸ್ಟಿಮೇಟಿಗೆ ಹಾಕತೇನಿ.”

“ಸರ, ಒಂದು ಗುರುವಾರ ಬರ್ರಿ. ಗಂಗವ್ವಾರ ಹಾಡ ಕೇಳ್ರಿ. ಆಮ್ಯಾಲ ನೀವು ಹೇಳಿದಂಗ.”

“ನಾ ಕಿವಿಮ್ಯಾಲ ಎಸ್ಟಿಮೇಟ ಮಾಡಾಂವಲ್ರಿ” ಎಂದರು. ಸಿಟ್ಟಿನಿಂದಲ್ಲ, ಸಾವಧಾನವಾಗಿಯೇ.

ಇಷ್ಟು ವರ್ಷವಾದರೂ ಆ ಮಾತು ನನ್ನನ್ನು ಸುಡುತ್ತದೆ. ಹಾಡಿಗಾಗಿ ಇರುವ ಕಟ್ಟಡವನ್ನು ಕಿವಿಯಿಂದಲ್ಲದೆ ಮತ್ತೆ ಯಾವುದರಿಂದ ಅಳೆಯುತ್ತಾರೆ? ಮೇಲಿನವರಿಗೆ ಮೂರು ಅರ್ಜಿ ಬರೆದೆ. ಮೂರಕ್ಕೂ ಒಂದೇ ಉತ್ತರ: ‘ಕಡತದ ಪ್ರಕಾರ ಸದರಿ ರಂಧ್ರಗಳು ಅನವಶ್ಯಕವೆಂದು ಈ ಹಿಂದೆಯೇ ನಿರ್ಣಯವಾಗಿದೆ.’ ನಿರ್ಣಯ ಮಾಡಿದವನು ನಾನು. ಅದು ತಪ್ಪು ಎಂದು ಹೇಳುತ್ತಿರುವವನೂ ನಾನು. ಬರೆದವನನ್ನು ನಂಬಿದರು, ಹೇಳುವವನನ್ನು ನಂಬಲಿಲ್ಲ. ನನ್ನ ಅಕ್ಷರ ನನಗಿಂತ ಹಿರಿಯ ಅಧಿಕಾರಿಯಾಗಿ ಕುಳಿತಿತ್ತು.

ಮುಚ್ಚುವ ದಿನ ಮತ್ತೆ ಹುಸೇನಸಾಬನೇ ಬಂದ, ಮುದುಕನಾಗಿದ್ದ. ಅವನ ಕೆಲಸವನ್ನು ಮೊದಲಿಂದ ಕೊನೆಯವರೆಗೆ ನಿಂತು ನೋಡುವುದು ನನಗಾಗಲಿಲ್ಲ. ಅದಕ್ಕೂ ಹಿಂದಿನ ದಿನ ಅಂತಪ್ಪ ಮತ್ತು ನಾನು ಟೇಪು ಹಿಡಿದು ಹದಿನಾಲ್ಕರದೂ ಅಳತೆ ತೆಗೆದಿಟ್ಟಿದ್ದೆವು, ಬಾಗಿಲ ಚೌಕಟ್ಟಿನಿಂದ ಎಷ್ಟು, ನೆಲದಿಂದ ಎಷ್ಟು ಎಂದು. ಮೊಳೆಗಳನ್ನೂ ಕೀಳುತ್ತಾರೆಂದು ಗೊತ್ತಿತ್ತು.

ಪ್ಲೈವುಡ್ ಬಡಿದ ಮರುದಿನ ಅಂತಪ್ಪ ಎಲ್ಲಿಯೂ ನಿಲ್ಲದೆ ಕಸ ಹೊಡೆದ. ಎಂಟೂಕಾಲಿಗೇ ಮುಗಿಯಿತು. ಹತ್ತು ಹದಿನೈದು ವರ್ಷ ನಾನು ಅವನಿಂದ ಬಯಸಿದ್ದು ಅದೇ. ಅವನು ಕಸಬರಿಗೆಯನ್ನು ಗೋಡೆಗಾನಿಸಿ, “ಆತ್ರಿ ಸಾಹೇಬ್ರ, ಟೈಮಿನಾಗ” ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ.

ನವೀಕೃತ ಭವನದ ಉದ್ಘಾಟನೆಗೆ ಪ್ರಾರ್ಥನೆ ಹಾಡಲು ಗಂಗವ್ವನನ್ನೇ ಕರೆದರು. ಹಿರಿಯ ಕಲಾವಿದೆ, ಫೋಟೋಕ್ಕೆ ಚೆನ್ನ. ನಾನು ಮೊದಲೇ ಹೋಗಿ ಬರಬೇಡಿರಿ ಎಂದೆ. ಬಂದಳು. ಆರು ಹುಡುಗಿಯರಲ್ಲಿ ನಾಲ್ವರು ಮದುವೆಯಾಗಿ ಹೋಗಿದ್ದರು, ಉಳಿದಿಬ್ಬರ ಜತೆ ಹೊಸಬರು ಮೂವರು ಅವಳ ಹಿಂದೆ ನಿಂತಿದ್ದರು. ಮೈಕನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಬಾಗಿಲತ್ತ ನೋಡುತ್ತ, ಎಂದಿನಂತೆ, ಒಬ್ಬರಿಗಷ್ಟೇ ಹೇಳುವಂತೆ ಎತ್ತಿಕೊಂಡಳು.

ಈ ಸಲ ಬಾವಿಯೂ ಅಲ್ಲ, ಹಗೇವೂ ಅಲ್ಲ. ಪ್ಲೈವುಡ್ಡು, ಸೀಲಿಂಗು ಎಳೆದುಕೊಂಡವೇನೋ, ಅವಳ ದನಿ ತುಟಿ ಬಿಟ್ಟು ಎರಡು ಮಾರು ಹೋಗಿ ಅಲ್ಲೇ ಬಿತ್ತು. ಒದ್ದೆ ಗೋಣಿಚೀಲದ ಮೇಲೆ ಕಾಳು ಬಿದ್ದಂತೆ. ಮೂರನೆಯ ಸಾಲಿನವರಿಗೆ ತುಟಿ ಅಲುಗುವುದು ಮಾತ್ರ ಕಂಡಿತು. ಸೌಂಡಿನವನು ಮೈಕನ್ನು ಮತ್ತೆ ಅವಳ ಬಾಯಿಗೆ ತಂದಿಟ್ಟ. ಅವಳು ಹಾಡಿನ ಎರಡನೆಯ ಸಾಲಿಗೇ ನಿಲ್ಲಿಸಿದಳು. ಕೈ ಮುಗಿದು ಇಳಿದಳು. ಸಭೆ ಪ್ರಾರ್ಥನೆ ಮುಗಿಯಿತೆಂದು ಚಪ್ಪಾಳೆ ತಟ್ಟಿತು. ಅಧಿಕಾರಿಗಳೂ ತಟ್ಟಿದರು. ನಡೆದದ್ದೇನು ಎಂದು ಅವರಿಗೆ ಇವತ್ತಿಗೂ ಗೊತ್ತಿರಲಾರದು. ನನ್ನ ಸಿಟ್ಟು ಆ ಚಪ್ಪಾಳೆಯ ಮೇಲೆ.

ನಡುದಾರಿಯಲ್ಲಿ ನನ್ನ ಬಳಿ ಬಂದಾಗ ಗಂಗವ್ವ ನಿಂತಳು. “ಮ್ಯಾನೇಜರ್ರ, ಇದರ ಕಿವಿ ಹ್ವಾದವು.”

“ತಪ್ಪು ನಂದವ್ವಾ” ಎಂದೆ.

“ನಿಮ್ಮದೋ ಅವರದೋ, ನನಗ ಬ್ಯಾಡ. ಕಿವಿ ಬಂದ ದಿನ ಹೇಳಿ ಕಳಸ್ರಿ. ಹುಡುಗ್ಯಾರ್ನ ಕರಕೊಂಡ ಬರತೇನಿ. ಅಲ್ಲೀತನಕ ಈ ಹೊಸಲಿ ದಾಟೂದಿಲ್ಲ.”

ದಾಟಿಲ್ಲ. ಮನೋಳಿಯಲ್ಲಿ ಹೊಳೆದಂಡೆಯ ಒಂದು ಪಡಸಾಲೆಯಲ್ಲಿ ಕಲಿಸುತ್ತಾಳೆಂದು ಕೇಳಿದೆ, ಒಮ್ಮೆ ಹೋದೆ. ಹುಡುಗಿಯರು ಅವಳಿಗೆ ಕೇಳಿಸಲೆಂದು ಒದರುತ್ತಿದ್ದರು, ಅವಳು ಅವರಿಗೆ ತಿಳಿಸಲೆಂದು ಸನ್ನೆ ಮಾಡುತ್ತಿದ್ದಳು. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗಲಿಲ್ಲ.

ನನ್ನ ಸೇವೆಯ ಕೊನೆಯ ದಿನ ಹಾರ, ಶಾಲು, ಫಲಪುಷ್ಪ ಎಲ್ಲ ಆಯಿತು. ಅದಕ್ಕೂ ಮೊದಲು, ಬೆಳಿಗ್ಗೆ ಒಂಬತ್ತಕ್ಕೆ ಕುಳಿತು, ಹನ್ನೆರಡು ವರ್ಷ ತಡವಾಗಿದ್ದ ಟಿಪ್ಪಣಿ ಬರೆದೆ. ಮೊದಲ ವಾಕ್ಯ: ‘ಸಭಾಂಗಣದ ಗೋಡೆಗಳಲ್ಲಿರುವ ರಂಧ್ರಗಳನ್ನು ಅನವಶ್ಯಕವೆಂದು ನಾನು ಬರೆದದ್ದು ತಪ್ಪು.’ ಅದರ ಹಿಂದೆ ಹದಿನಾಲ್ಕು ಗಡಿಗೆಗಳ ಅಳತೆ, ನಕ್ಷೆ, ಯಾರನ್ನು ಕೇಳಬೇಕಿತ್ತು, ಯಾರನ್ನು ಕೇಳಲಿಲ್ಲ, ಎಲ್ಲ. ಅಧಿಕಾರಿಗಳು ಅಂಚಿನಲ್ಲಿ ಬರೆದರು: ‘ನೋಡಿದೆ. ಕಡತದಲ್ಲಿಡಿ.’ ಇಟ್ಟಿದ್ದೇನೆ. ಅದೇ ಕಡತ, ಹಳೆಯ ಟಿಪ್ಪಣಿಯ ಬೆನ್ನಿಗೇ ಹೊಲಿದಿದ್ದೇನೆ, ಒಂದನ್ನು ತೆರೆದರೆ ಇನ್ನೊಂದು ಕಾಣಲೇಬೇಕು.

ಈ ಕೆಲಸಕ್ಕೆ ಬರುವವರು ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿರಿ: ಮಾಡಿದ್ದನ್ನು ಬರೆದಷ್ಟೇ ನಿಷ್ಠೆಯಿಂದ ತಪ್ಪಿದ್ದನ್ನೂ ಬರೆಯಿರಿ. ನೀವು ಹೋದ ಮೇಲೆ ನಿಮ್ಮ ಮೇಜಿಗೆ ಬರುವವನ ಮುಂದೆ ನೀವಿರುವುದಿಲ್ಲ, ನಿಮ್ಮ ವಾಕ್ಯವಿರುತ್ತದೆ.

ಇನ್ನೊಂದು ಮಾತು ಉಳಿದಿದೆ. ಹುಸೇನಸಾಬ ಈಗ ಇಲ್ಲ, ಆದ್ದರಿಂದ ಬರೆಯಬಹುದು. ಎರಡನೆಯ ಸಲ ಮುಚ್ಚಿದ ದಿನ ಕೆಲಸ ಮುಗಿಸಿ, ಕೈ ತೊಳೆದುಕೊಂಡು ಹೊರಡುವಾಗ ನನ್ನ ಕಿವಿಯ ಹತ್ತಿರ ಬಂದು ಹೇಳಿದ್ದ. “ಸಾಹೇಬ್ರ, ಈ ಸಲ ಸಿಮೆಂಟ ಹಾಕಿಲ್ರಿ. ಅರಿವಿ ತುರಕಿ, ಮ್ಯಾಲ ಮಣ್ಣ ಮೆತ್ತೇನಿ.”

ಎಡಗೋಡೆ ಏಳು, ಬಲಗೋಡೆ ಏಳು. ಅಳತೆ ಕಡತದಲ್ಲಿದೆ. ಮೇಲಿನ ಸೀಲಿಂಗ್ ಇಳಿಸಿ, ಪ್ಲೈವುಡ್ಡಿನ ತಿರುಪು ಬಿಚ್ಚಿರಿ. ಹಿಂದಿರುವುದು ಬರಿಯ ಮಣ್ಣು, ಉಳಿ ಬೇಕಿಲ್ಲ, ಅಡುಗೆಮನೆಯ ಚಮಚ ಸಾಕು. ಜಾಳಿಗೆ ಕೂಡಿಸಲು ಮರೆಯಬೇಡಿರಿ. ಆಮೇಲೆ ಟಿಪ್ಪಣಿ ಬರೆದು ಮನೋಳಿಗೆ ಹೇಳಿ ಕಳಿಸಿರಿ. ಗಂಗವ್ವನಿಗೆ ಎಪ್ಪತ್ತು ಹತ್ತಿರ ಬಂತು. ಗುರುವಾರದೊಳಗೆ ಮಾಡಿರಿ.